ಹಂದಿ ಅಮಲ್ದಾರರ ಪ್ರಮಾಣ

ನಮ್ಮ ಕನೆಕ್ಟಿಕಟ್ ಕಡೆ ಹೊಸದಾಗಿ ಮದುವೆಯಾದ ಗಂಡಸನ್ನು ಊರಿನವರು ಸುಮ್ಮನೆ ಬಿಡುವುದಿಲ್ಲ. ಮುಂದಿನ ಊರ ಸಭೆಯಲ್ಲಿ ಅವನನ್ನು ಹಂದಿ ಅಮಲ್ದಾರನನ್ನಾಗಿ ಆರಿಸುತ್ತಾರೆ. ಬೇಲಿ ನುಗ್ಗಿದ ಹಂದಿಗಳನ್ನು ಹಿಡಿದು ದೊಡ್ಡಿಗೆ ಕೂಡುವುದು, ಹಂದಿಯ ಯಜಮಾನನಿಂದ ದಂಡ ವಸೂಲಿ ಮಾಡಿ ಅದನ್ನು ತನ್ನ ಕೂಲಿ ಎಂದು ಇಟ್ಟುಕೊಳ್ಳುವುದು ಅವನ ಕೆಲಸ. ಕಾಗದದ ಮೇಲೆ ಅಷ್ಟು. ನಿಜದಲ್ಲಿ ಯಾರೂ ಒಂದು ಹಂದಿಮರಿಯನ್ನೂ ಹಿಡಿಯುವುದಿಲ್ಲ. ಮದುಮಗ ಎದ್ದು ನಿಂತು ನಾಚಿಕೊಳ್ಳಬೇಕು, ಎಲ್ಲರಿಗೂ ಒಂದೊಂದು ಲೋಟ ರಮ್ ಕುಡಿಸಬೇಕು, ಇನ್ನೊಬ್ಬ ಮದುಮಗ ಸಿಗುವವರೆಗೆ ಹಂದಿಯ ಹೆಸರಲ್ಲಿ ಗೇಲಿ ಮಾಡಿಸಿಕೊಳ್ಳಬೇಕು. ದಂಗೆಕೋರರ ವಿರುದ್ಧ ಇಂಗ್ಲೆಂಡಿನ ದೊರೆಯ ಪರ ಕಾದಾಡಿ, ಯುದ್ಧ ಸೋತು, ಮನೆ ಹೊಲ ಕಳೆದುಕೊಂಡು, ಹಡಗು ಹತ್ತಿ ಈ ಸೇಂಟ್ ಜಾನ್ ನದಿಯ ದಂಡೆಗೆ ಬಂದಾಗ ನಮ್ಮವರು ತರಲಾಗದೆ ಬಿಟ್ಟು ಬಂದದ್ದು ಎಷ್ಟೋ. ಈ ಹಾಳು ತಮಾಷೆಯನ್ನು ಮಾತ್ರ ಮರೆಯದೆ ತಂದಿದ್ದರು.

ನನ್ನ ಎರಡನೆಯ ಗಂಡ ಕ್ಯಾಪ್ಟನ್ ಬ್ಯಾರೆಂಟ್ ವೆಸೆಲ್ಸ್ ಹಡ್ಸನ್ ನದಿಯ ಕಡೆಯ ಡಚ್ಚರು. ಅವರಿಗೆ ಈ ಪದ್ಧತಿ ಗೊತ್ತಿರಲಿಲ್ಲ. ನಾನಾದರೂ ಮೊದಲೇ ಹೇಳಬೇಕಿತ್ತು. ಹೇಳಲಿಲ್ಲ. ಸದಾ ಬೆನ್ನು ನೆಟ್ಟಗಿಟ್ಟುಕೊಂಡು ಕೂರುವ ಈ ಮನುಷ್ಯ ಒಂದು ಸಲ ನಾಚಿಕೊಳ್ಳುವುದನ್ನು ನೋಡುವ ಆಸೆ ನನಗೂ ಇತ್ತು. ಆ ಒಂದು ಗಳಿಗೆಯ ಚೇಷ್ಟೆ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಹೇಳುತ್ತೇನೆ.

ನನ್ನ ಮೊದಲ ಗಂಡ ಅಮೋಸ್ ಪ್ರ್ಯಾಟ್ ಇವರ ಕಂಪನಿಯಲ್ಲೇ ಸಾರ್ಜೆಂಟನಾಗಿದ್ದ. ಇಲ್ಲಿಗೆ ಬಂದ ಮೊದಲ ಚಳಿಗಾಲ ಡೇರೆಯಲ್ಲಿ ಕೆಮ್ಮಿ ಕೆಮ್ಮಿ ಸತ್ತ. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನಾನು ಅಧಿಕಾರಿಗಳ ಬಟ್ಟೆ ಒಗೆಯಲು ನಿಂತೆ. ಅಧಿಕಾರಿಗಳೆಂದರೆ ಏನು ಮಹಾ! ಪಲ್ಟನ್ನು ವಿಸರ್ಜನೆಯಾದ ಮೇಲೆ ಅವರಿಗೆ ಉಳಿದದ್ದು ಹಳೇ ಕೋಟು ಮತ್ತು ಲಂಡನ್ನಿನಿಂದ ಬರುವ ಅರ್ಧ ಸಂಬಳ. ಆ ಅರ್ಧ ಸಂಬಳವೂ ವರ್ಷ ತಡವಾಗಿ, ದಾರಿಯುದ್ದಕ್ಕೂ ನಾಲ್ಕು ಕೈಗಳಲ್ಲಿ ಸವೆದು ಬರುತ್ತಿತ್ತು. ಉಳಿದವರು ಹೇಗೋ ಬದುಕುತ್ತಿದ್ದರು. ಕ್ಯಾಪ್ಟನ್ನರು ಮಾತ್ರ ಮೊದಲ ವರ್ಷ ತಮ್ಮ ಕಂಪನಿಯ ಹದಿನೆಂಟು ಸಿಪಾಯಿಗಳ ಕಂಬಳಿಗೆ, ಬೀಜಕ್ಕೆ, ಕೊಡಲಿಗೆ ತಾವೇ ಜಾಮೀನು ನಿಂತಿದ್ದರು. ಅವರಲ್ಲಿ ಕೆಲವರು ಸತ್ತರು, ಕೆಲವರು ಸದ್ದಿಲ್ಲದೆ ಗಡಿ ದಾಟಿ ಹಿಂದಕ್ಕೆ ಹೋದರು. ಅವರ ಸಾಲವೆಲ್ಲ ಇವರ ತಲೆಗೇ ಬಂತು. ಬಂದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಟ್ಟಣದ ಅಂಗಡಿಯವನ ಪಾಲಾಗುತ್ತಿತ್ತು.

ಒಂದು ದಿನ ಒಗೆದ ಅಂಗಿಗಳನ್ನು ಕೊಡಲು ಹೋದಾಗ ಕ್ಯಾಪ್ಟನ್ನರು ಎದ್ದು ನಿಂತು ಹೇಳಿದರು: "ಡಾರ್ಕಸ್, ಇನ್ನು ಮುಂದೆ ಒಗೆಸೋಕೆ ನನ್ನ ಹತ್ರ ದುಡ್ಡಿಲ್ಲ. ಅಂಗಿ ಮಾತು ಬಿಡು. ನನ್ನನ್ನ ಮದುವೆ ಆಗ್ತೀಯಾ?"

"ಅಂಗಿ ಒಗೆಸೋಕೆ ಇದು ಬಾಳ ದುಬಾರಿ ದಾರಿ ಆಯ್ತಲ್ಲ, ಕ್ಯಾಪ್ಟನ್ನರೇ," ಎಂದೆ. ಅವರು ನಗಲಿಲ್ಲ. ನನ್ನ ಉತ್ತರಕ್ಕೆ ಕಾಯುತ್ತಾ ಹಾಗೇ ನಿಂತಿದ್ದರು. ಸಾವಿರದ ಏಳುನೂರ ಎಂಬತ್ತೊಂಬತ್ತರ ಜನವರಿಯಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ನಡೆದುಹೋಗಿ ಮದುವೆಯಾದೆವು. ಅಧಿಕಾರಿಗಳ ಹೆಂಡಂದಿರು ಯಾರೂ ಬರಲಿಲ್ಲ. ಅವರ ಪೆಟಿಕೋಟಿನ ತೇಪೆಗಳ ಲೆಕ್ಕ ಗೊತ್ತಿದ್ದವಳು ಅವರ ಸರಿಸಮ ಕೂರುವುದು ಅವರಿಗೆ ಸೇರಲಿಲ್ಲ.

ಮಾರ್ಚಿನಲ್ಲಿ ಕರ್ನಲ್ ಹ್ಯಾಡನ್ನರ ಕೊಟ್ಟಿಗೆಯಲ್ಲಿ ಸಭೆ. ಕರ್ನಲ್ಲರು ಹಿಂದೆ ಪಲ್ಟನ್ನಿನ ಮುಖ್ಯಸ್ಥರು, ಈಗ ಊರಿನ ಮ್ಯಾಜಿಸ್ಟ್ರೇಟರು. ಬೇಲಿ ನೋಡುವವರು, ರಸ್ತೆ ನೋಡುವವರು ಎಲ್ಲ ಆದ ಮೇಲೆ ಕಮ್ಮಾರ ಸ್ಟೋವರ್ ಹಿಂದಿನಿಂದ ಕೂಗಿದ: "ಹಂದಿ ಅಮಲ್ದಾರಿಕೆಗೆ ನಮ್ಮ ಹೊಸ ಮದುಮಗ!" ಸ್ಟೋವರ್ ಕೂಡ ಇವರ ಕಂಪನಿಯ ಸಿಪಾಯಿಯಾಗಿದ್ದವನೇ. ಅಧಿಕಾರಿಗಳೆಂದರೆ ಅವನಿಗೆ ಮೈಯೆಲ್ಲ ಉರಿ. ಕೊಟ್ಟಿಗೆ ಅದುರುವಂತೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಕ್ಯಾಪ್ಟನ್ನರು ಎದ್ದು, ಟೋಪಿ ತೆಗೆದು, ಮೂರು ಕಡೆಗೂ ಬಾಗಿದರು. "ನೀವು ನನ್ನ ಮೇಲೆ ಇಟ್ಟಿರೋ ನಂಬಿಕೆಗೆ ಋಣಿ," ಎಂದರು. "ಈ ಹುದ್ದೆ ಕರ್ತವ್ಯ ಏನು ಅನ್ನೋದನ್ನ ಬರಹದಲ್ಲಿ ಕೊಟ್ರೆ ಅನುಕೂಲ."

ನಗು ಇನ್ನೂ ಹೆಚ್ಚಾಯಿತು. ಕರ್ನಲ್ಲರು ಕಣ್ಣೊರೆಸಿಕೊಳ್ಳುತ್ತಾ ಒಂದು ಕಾಗದ ತೆಗೆದು, ಘನತೆವೆತ್ತ ದೊರೆಯ ಹೆಸರಿನಲ್ಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು, ಸಹಿ ಹಾಕಿ, ಮೊಹರನ್ನೂ ಒತ್ತಿ ಕೊಟ್ಟರು. ನನ್ನ ಗಂಡ ಅದನ್ನು ಮಡಿಸಿ ಎದೆಯ ಜೇಬಿನಲ್ಲಿಟ್ಟುಕೊಂಡರು. ದಾರಿಯಲ್ಲಿ ನಾನು ವಿಷಯ ಬಿಡಿಸಿ ಹೇಳಿದೆ.

"ಅವರು ತಮಾಷೆಗೆ ಕೊಟ್ಟಿರಬಹುದು," ಎಂದರು. "ನಾನು ತಮಾಷೆಗೆ ಒಪ್ಕೊಳ್ಳಲಿಲ್ಲವಲ್ಲ."

ಹಿಂದಿನ ವರ್ಷ ಬೆಳೆ ಕೈಕೊಟ್ಟಿತ್ತು. ದೊರೆಯ ಕಡೆಯಿಂದ ಬರುತ್ತಿದ್ದ ರೇಷನ್ ನಿಂತು ಎರಡು ವರ್ಷವಾಗಿತ್ತು. ಏಪ್ರಿಲ್‌ನಲ್ಲಿ ನದಿ ಉಕ್ಕಿ ಬೇಲಿಗಳನ್ನೆಲ್ಲ ಬಾಚಿಕೊಂಡು ಹೋಯಿತು. ನೀರು ಇಳಿದ ಮೇಲೆ ಜನ ಹೊಟ್ಟೆಗೆ ತಿನ್ನದೆ ಉಳಿಸಿದ್ದ ಆಲೂಗಡ್ಡೆಯನ್ನು ಕತ್ತರಿಸಿ ನೆಟ್ಟರು. ಹಂದಿಗಳು ಅದರ ಹಿಂದೆಯೇ ಬಂದವು. ಹಿಂದಿನ ವರ್ಷಗಳಲ್ಲಾಗಿದ್ದರೆ ನೆರೆಹೊರೆಯವರು ಒಬ್ಬರಿಗೊಬ್ಬರು ಬೈದುಕೊಂಡು ಸುಮ್ಮನಾಗುತ್ತಿದ್ದರು. ಈ ವರ್ಷ ಬೆಳಗಾಗುವ ಮೊದಲೇ ಕ್ಯಾಪ್ಟನ್ನರು ಪಲ್ಟನ್ನಿನ ಹಳೇ ಹಸಿರು ಕೋಟು ತೊಟ್ಟು, ಹಗ್ಗ ಹಿಡಿದು, ಕೆಸರಿನಲ್ಲಿ ಗಸ್ತು ತಿರುಗುತ್ತಿದ್ದರು. ಹಂದಿ ಹಿಡಿಯುವುದರಲ್ಲಿ ಅವರಿಗೆ ಯಾವ ಜಾಣತನವೂ ಇರಲಿಲ್ಲ. ಎಷ್ಟು ಸಲ ಮುಖ ಅಡಿಯಾಗಿ ಬಿದ್ದರೋ ದೇವರಿಗೇ ಗೊತ್ತು. ಆದರೆ ಬಿಡುತ್ತಿರಲಿಲ್ಲ. ಜೂನ್ ಹೊತ್ತಿಗೆ ಹನ್ನೊಂದು ಹಂದಿ ದೊಡ್ಡಿ ಸೇರಿದ್ದವು. ಪ್ರತಿಯೊಂದಕ್ಕೂ ರಸೀದಿ: ಹಂದಿಯ ಬಣ್ಣ, ಕಿವಿಯ ಗುರುತು, ಸಿಕ್ಕಿದ ಜಾಗ. ಕರ್ನಲ್ಲರ ಹಂದಿಗೂ ರಸೀದಿ, ವಿಧವೆಯ ಹಂದಿಗೂ ರಸೀದಿ.

ಮೊದಮೊದಲು ಶಾಪ ಹಾಕಿದರು. ಒಬ್ಬಳು ನಮ್ಮ ಬಾಗಿಲಿಗೆ ಬಂದು, "ನಿನ್ ಗಂಡಂಗೆ ದಂಗೆಕೋರರನ್ನ ಹಿಡಿಯೋಕಂತೂ ಆಗ್ಲಿಲ್ಲ, ಹಂದಿ ಮೇಲೆ ತೀರಿಸ್ಕೋತಾನಾ?" ಎಂದಳು. ಆದರೆ ನೆಟ್ಟ ಆಲೂಗಡ್ಡೆ ಮೊಳೆತು ಹೊಲವೆಲ್ಲ ಹಸಿರಾದಾಗ ಶಾಪ ನಿಂತಿತು. ದಂಡಕ್ಕೆ ಕೊಡಲು ಯಾರ ಹತ್ತಿರವೂ ನಾಣ್ಯವಿರಲಿಲ್ಲ. ಒಂದು ಬುಟ್ಟಿ ಮೆಕ್ಕೆಜೋಳ, ಒಂದಿಷ್ಟು ಉಪ್ಪುಮೀನು, ಹೀಗೆ ಬಂತು. ಉಳಿದವರು ನದಿ ದಂಡೆಯ ಜರೀಗಿಡದ ಚಿಗುರು ಬೇಯಿಸಿಕೊಂಡು ತಿನ್ನುತ್ತಿದ್ದ ಆ ಮೇ ತಿಂಗಳಲ್ಲಿ ನನ್ನ ಮಕ್ಕಳು ಜೋಳದ ಗಂಜಿ ಕುಡಿದರು. ಗಂಡನ ಬಗ್ಗೆ ನನಗೆ ಹೆಮ್ಮೆಯಾಯಿತು. ಹಂದಿ ಹಿಡಿಯುವವನ ಹೆಂಡತಿ ಎಂದು ತಲೆ ಎತ್ತಿಕೊಂಡೇ ಚರ್ಚಿಗೆ ಹೋದೆ.

ಜೂನ್ ಇಪ್ಪತ್ತನಾಲ್ಕು ಬಂತು. ಅರ್ಧ ಸಂಬಳದವರೆಲ್ಲ ಆರು ತಿಂಗಳಿಗೊಮ್ಮೆ ಮ್ಯಾಜಿಸ್ಟ್ರೇಟರ ಮುಂದೆ ಬೈಬಲ್ ಮುಟ್ಟಿ ಪ್ರಮಾಣ ಮಾಡಬೇಕು. ಆ ಕಾಗದ ಲಂಡನ್ನಿಗೆ ಹೋದರೆ ಮಾತ್ರ ಹಣ. ಕರ್ನಲ್ಲರ ಹೆಂಡತಿಗೆ ಸೋಪು ಕೊಡುವುದಿತ್ತೆಂದು ನಾನೂ ಜೊತೆಗೆ ಹೋಗಿದ್ದೆ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಕರ್ನಲ್ಲರು ಗಡಬಡನೆ ಓದಿದರು: ಕಳೆದ ಆರು ತಿಂಗಳಲ್ಲಿ ನನಗೆ ಅರ್ಧ ಸಂಬಳವೊಂದನ್ನು ಬಿಟ್ಟು ದೊರೆಯ ಅಧೀನದಲ್ಲಿ ಲಾಭ ತರುವ ಬೇರೆ ಯಾವ ಹುದ್ದೆಯೂ ಇರಲಿಲ್ಲ.

ನನ್ನ ಗಂಡ ಬೈಬಲ್ ಮೇಲಿದ್ದ ಕೈಯನ್ನು ತೆಗೆದರು. "ಇತ್ತು," ಎಂದರು.

"ಏನಿತ್ತು?"

ಅವರು ಎದೆಯ ಜೇಬಿನಿಂದ ಆ ನೇಮಕದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಕರ್ನಲ್ಲರು ಅದನ್ನೂ ಇವರ ಮುಖವನ್ನೂ ಎರಡೆರಡು ಸಲ ನೋಡಿದರು.

"ಅಲ್ರೀ ವೆಸೆಲ್ಸ್, ನಿಮಗೇನು ತಲೆ ಕೆಟ್ಟಿದೆಯಾ? ಹಂದಿ ಕಾಯೋದೂ ಒಂದು ಹುದ್ದೆನಾ?"

"ದೊರೆ ಹೆಸರಲ್ಲಿ ಅಂತ ನೀವೇ ಬರೆದಿದ್ದೀರಿ. ಸಹಿನೂ ನಿಮ್ಮದೇ. ಅದರಿಂದ ಬಂದ ಜೋಳ ನಾವು ತಿಂದಿದ್ದೀವಿ."

ಕರ್ನಲ್ಲರ ಮುಖ ಕಪ್ಪಿಟ್ಟಿತು. ಯಾಕೆಂದು ಊರಿಗೆಲ್ಲ ಗೊತ್ತು. ಅವರೂ ಅರ್ಧ ಸಂಬಳದವರೇ. ದೊರೆಯ ಹಡಗುಗಳಿಗೆ ಮೀಸಲಾದ ಮರಗಳ ಮೇಲ್ವಿಚಾರಣೆಯ ಕೆಲಸ ಅವರ ಭಾವಮೈದುನನ ಹೆಸರಿನಲ್ಲಿತ್ತು. ಆ ಭಾವಮೈದುನ ಇಂಗ್ಲೆಂಡ್ ಬಿಟ್ಟು ಒಂದು ದಿನವೂ ಇತ್ತ ಬಂದವನಲ್ಲ; ಆ ಸಂಬಳ ಕರ್ನಲ್ಲರ ಜೇಬಿಗೇ ಹೋಗುತ್ತಿತ್ತು. ಒಬ್ಬ ಕ್ಯಾಪ್ಟನ್ನು ಹಂದಿಯ ಕಾರಣಕ್ಕೆ ಪ್ರಮಾಣ ಮಾಡಲಿಲ್ಲ ಎಂದು ಲಂಡನ್ನಿನಲ್ಲಿ ಯಾರಾದರೂ ಓದಿದರೆ ಉಳಿದವರ ಕಡೆಗೂ ಕಣ್ಣು ಹಾಯುತ್ತದೆ.

"ನೋಡಿ," ಎಂದರು ದನಿ ತಗ್ಗಿಸಿ. "ತಗೊಂಡಿದ್ದನ್ನೆಲ್ಲ ವಾಪಸ್ ಕೊಟ್ಟುಬಿಡಿ. ಆಗ ಲಾಭ ಎಲ್ಲಿ ಬಂತು? ಲಾಭ ಇಲ್ಲ ಅಂದ್ಮೇಲೆ ಪ್ರಮಾಣಕ್ಕೆ ಅಡ್ಡಿ ಇಲ್ಲ. ನಾಲ್ಕು ದಿನ ಬಿಟ್ಟು ಬನ್ನಿ. ಅಷ್ಟರ ಮೇಲೆ ಕಾಗದ ನನ್ನ ಕೈಯಲ್ಲಿರಲ್ಲ, ಹಡಗಿಗೆ ಹೋಗುತ್ತೆ."

ಕ್ಯಾಪ್ಟನ್ನರು ಒಪ್ಪಿದರು. ತಿಂದ ಜೋಳವನ್ನು ವಾಪಸು ಕೊಡುವುದು ಹೇಗೆ? ನನ್ನ ಹತ್ತಿರ ಅಮೋಸನ ಬೆಳ್ಳಿಯ ಷೂ ಬಕಲ್ ಎರಡಿದ್ದವು. ಮಕ್ಕಳ ಮದುವೆಗೆಂದು ಇಟ್ಟಿದ್ದೆ. ದೋಣಿಯ ವ್ಯಾಪಾರಿಗೆ ಕೊಟ್ಟು ಜೋಳ, ಉಪ್ಪುಮೀನು ತಂದು, ಕೈಗಾಡಿಗೆ ಹೇರಿಕೊಂಡು ಮನೆ ಮನೆಗೆ ಹೋದೆ. ಹಸಿದ ಊರು, ಯಾರೂ ಎರಡು ಮಾತಾಡಲಿಲ್ಲ. ತೆಗೆದುಕೊಂಡರು. ಕೊನೆಗೆ ಉಳಿದವನು ಸ್ಟೋವರ್. ಅವನ ಹಂದಿ ಎರಡು ಸಲ ಸಿಕ್ಕಿಬಿದ್ದಿತ್ತು.

"ಏನಮ್ಮಾ ಇದು?" ಎಂದ.

ಹೇಳಿದೆ. ಅವನು ತಿದಿ ಒತ್ತುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ.

"ಬೇಡ. ತಗೊಂಡು ಹೋಗು."

"ಯಾಕೋ? ನಿನಗೇನು ಹೊಟ್ಟೆ ತುಂಬಿದೆಯಾ? ನಿನ್ ಹೆಂಡ್ತಿ ನಿನ್ನೆ ಸೊಪ್ಪು ಕೀಳ್ತಿದ್ದಿದ್ದು ನಾನು ನೋಡಿಲ್ವಾ?"

"ಸೊಪ್ಪೇ ತಿಂತೀವಿ. ಏಳು ವರ್ಷ ಅಧಿಕಾರಿಗಳು ನನ್ ಸಂಬಳ ಹಿಡಿದ್ರು, ಬೂಟಿಗೆ ಹಿಡಿದ್ರು, ಬೆನ್ನ ಮೇಲೆ ಬಾರಿಸಿದ್ರು. ಯಾವನೂ ಯಾಕೆ ಏನು ಅಂತ ಒಂದು ಚೀಟಿ ಕೊಡಲಿಲ್ಲ. ಕ್ಯಾಪ್ಟನ್ನು ಬೆಳಿಗ್ಗೆ ಕರ್ನಲ್ ಹಂದಿಗೆ ದಂಡ ಹಾಕಿ, ಮಧ್ಯಾಹ್ನ ನನ್ ಹಂದಿಗೂ ಅಷ್ಟೇ ದಂಡ ಹಾಕಿದ್ದಾರೆ. ರಸೀದಿ ಇಲ್ಲಿದೆ ನೋಡು." ಗೋಡೆಯ ಮೊಳೆಗೆ ಎರಡು ಚೀಟಿ ಸಿಕ್ಕಿಸಿದ್ದ. "ತಪ್ಪು ನನ್ನದು, ದಂಡ ಕಟ್ಟಿದೀನಿ. ಅದನ್ನ ವಾಪಸ್ ತಗೊಂಡ್ರೆ ಅದು ತಮಾಷೆ ಅಂತ ಆಗುತ್ತೆ. ನಾನು ಒಲ್ಲೆ."

ಗೋಗರೆದೆ. ಬೈದೆ. "ಬಾಗಿಲಲ್ಲಿ ಸುರಿದು ಹೋಗ್ತೀನಿ," ಎಂದೆ. "ಸುರಿ, ಹಂದಿ ತಿನ್ನುತ್ತೆ. ನಾನಂತೂ ತಗೊಳ್ಳಲಿಲ್ಲ ಅಂತ ಎಲ್ಲಿ ಬೇಕಾದ್ರೂ ಹೇಳ್ತೀನಿ," ಎಂದ. ನಮ್ಮ ಮೇಲಿನ ಹಗೆಗೆ ಹೀಗೆ ಮಾಡಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ಆದರೆ ಅವನು ಜೀವಮಾನದಲ್ಲಿ ಮೊದಲ ಸಲ ಒಬ್ಬ ಅಧಿಕಾರಿಗೆ ಗೌರವ ಕೊಡುತ್ತಿದ್ದ, ಅದರಿಂದಲೇ ನಮ್ಮ ಕತ್ತು ಕೊಯ್ಯುತ್ತಿದ್ದ.

ಎರಡು ಬುಟ್ಟಿ ಜೋಳವನ್ನು ಮನೆಗೆ ತಂದು ಇಳಿಸಿದೆ. ನನ್ನ ಗಂಡ ವಿಷಯ ಕೇಳಿ, "ಸ್ಟೋವರ್ ಹೇಳಿದ್ದು ಸರಿ," ಎಂದರು. "ಹಾಗಾದ್ರೆ ಪ್ರಮಾಣ ಮಾಡೋ ಹಾಗಿಲ್ಲ."

"ಎರಡು ಬುಟ್ಟಿ ಜೋಳಕ್ಕೆ!"

"ಬುಟ್ಟಿ ಎಷ್ಟು ಅಂತ ಪ್ರಮಾಣದಲ್ಲಿ ಕೇಳಿಲ್ಲ, ಡಾರ್ಕಸ್."

ನಾನು ಅರಚಿದೆ. ಅವರು ನನ್ನ ಮೇಲೆ ದನಿ ಎತ್ತಿದವರಲ್ಲ, ಅಂದೂ ಎತ್ತಲಿಲ್ಲ. ಬೆಂಚಿನ ಮೇಲೆ ಕೂತು, ಅದುವರೆಗೆ ನನಗೆ ಹೇಳದೆ ಇದ್ದ ಸಂಗತಿ ಹೇಳಿದರು. ಎಪ್ಪತ್ತೇಳರಲ್ಲಿ ದಂಗೆಕೋರರ ಸಮಿತಿಯವರು ಅವರ ಅಂಗಳಕ್ಕೆ ಬಂದರಂತೆ. ಎಲ್ಲರೂ ಪರಿಚಯದವರೇ. ಒಂದು ಸಣ್ಣ ಪ್ರಮಾಣ ಮಾಡು, ದೊರೆಗೆ ನಿಷ್ಠೆ ಇಲ್ಲ ಅನ್ನು, ನಿನ್ನ ಇಟ್ಟಿಗೆ ಮನೆ, ನಾನೂರು ಎಕರೆ, ಹಣ್ಣಿನ ತೋಟ ನಿನಗೇ ಇರಲಿ ಎಂದರಂತೆ. ಮನಸ್ಸಿನಲ್ಲಿ ಏನಾದರೂ ಇಟ್ಟುಕೋ, ಬಾಯಲ್ಲಿ ಹೇಳು ಸಾಕು ಎಂದರಂತೆ. ಇವರು ಒಲ್ಲೆ ಎಂದರು. ಕೈಯಲ್ಲಿ ಹಿಡಿಯುವಷ್ಟು ಹಿಡಿದುಕೊಂಡು ಹೊರಡಬೇಕಾಯಿತು. ನ್ಯೂಯಾರ್ಕಿನಲ್ಲಿ ಸುಟ್ಟ ಮನೆಗಳ ಗೋಡೆಗೆ ಹಾಯಿಬಟ್ಟೆ ಕಟ್ಟಿದ ಗುಡಿಸಲಿನಲ್ಲಿ ಹೆಂಡತಿ ಕ್ಯಾಟ್ಲೈನ್ ಮತ್ತು ಎಂಟು ತಿಂಗಳ ಮಗ ಒಂದೇ ವಾರದಲ್ಲಿ ಜ್ವರ ಬಂದು ಹೋದರು.

"ಬಾಯಲ್ಲಿ ಹೇಳೋ ಸುಳ್ಳು ಇಷ್ಟು ಸಲೀಸು ಅಂತಾದ್ರೆ," ಎಂದರು, "ಅವತ್ತೇ ಹೇಳಬಹುದಿತ್ತಲ್ಲ. ಅವರಿಬ್ಬರೂ ಇರ್ತಿದ್ರು. ಈಗ ಜೋಳಕ್ಕೆ ಹೇಳಿಬಿಟ್ರೆ ಅವರು ಸತ್ತಿದ್ದಕ್ಕೆ ಏನರ್ಥ?"

ಮುಂದಿನ ಎರಡು ದಿನ ಆ ಚಳಿಗಾಲವನ್ನು ತಲೆಯಲ್ಲಿ ಹತ್ತು ಸಲ ದಾಟಿ ನೋಡಿದೆ. ಅರ್ಧ ಸಂಬಳ ನಿಂತರೆ ಅಂಗಡಿಯವನು ಹಸುವನ್ನು ಹೊಡೆದುಕೊಂಡು ಹೋಗುತ್ತಾನೆ. ಆಲೂಗಡ್ಡೆ ಕ್ರಿಸ್‌ಮಸ್‌ವರೆಗೆ ಬರುತ್ತದೆ. ಆಮೇಲೆ? ನನ್ನ ಸಣ್ಣ ಮಗಳು ಹುಲ್ಡಾಗೆ ಆಗಲೇ ಅಮೋಸನ ಕೆಮ್ಮು ಶುರುವಾಗಿತ್ತು. ಸತ್ಯ ದೊಡ್ಡದೆಂದು ನನಗೂ ಗೊತ್ತು. ಹೊಟ್ಟೆಗೆ ಇಲ್ಲದ ಮಗುವಿನ ಎದೆಯ ಮೇಲೆ ಕಿವಿಯಿಟ್ಟು ಕೇಳಿದವಳಿಗೆ ಅದಕ್ಕಿಂತ ದೊಡ್ಡ ಇನ್ನೊಂದೂ ಗೊತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಅವರು ಆಲೂಗಡ್ಡೆಗೆ ಮಣ್ಣು ಏರಿಸುತ್ತಿದ್ದರು. ನಾನು ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.

"ಕ್ಯಾಪ್ಟನ್ನರೇ, ಒಂದು ಮಾತು. ನಿಮ್ಮ ಮೊದಲನೇ ಪ್ರಮಾಣಕ್ಕೆ ಒಬ್ಬ ಹೆಂಡ್ತಿ, ಒಂದು ಮಗು ಕೊಟ್ರಿ. ಈ ಪ್ರಮಾಣಕ್ಕೆ ನನ್ನ ಮಗೂನ ಕೊಡೋಕೆ ನಿಮಗೆ ಹಕ್ಕಿಲ್ಲ. ಅವಳು ಅಮೋಸನ ಮಗಳು. ನಿಮ್ಮದಲ್ಲ."

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹುಲ್ಡಾ ಅವರ ತೊಡೆಯ ಮೇಲೆ ಕೂತೇ ಅಕ್ಷರ ಕಲಿತವಳು. ಅವರು ಗುದ್ದಲಿಯನ್ನು ನಿಧಾನವಾಗಿ ನೆಲಕ್ಕೆ ಒರಗಿಸಿದರು.

"ಬಾಯಿಬಿಟ್ಟು ಕೇಳು," ಎಂದರು. "ಹಕ್ಕಿನ ಮಾತು ಬೇಡ. ಕೇಳು."

"ಪ್ರಮಾಣ ಮಾಡಿ," ಎಂದೆ. "ನನಗೋಸ್ಕರ. ದಮ್ಮಯ್ಯ ಅಂತೀನಿ."

ಅವರು ಕೈ ತೊಳೆದು ಕೋಟು ಹಾಕಿಕೊಂಡರು. ಕರ್ನಲ್ಲರ ಮನೆಗೆ ಇಬ್ಬರೂ ನಡೆದು ಹೋದೆವು. ಕರ್ನಲ್ಲರು ಏನೂ ಕೇಳದೆ ಬೈಬಲ್ ಮುಂದಕ್ಕೆ ತಳ್ಳಿದರು. ನನ್ನ ಗಂಡ ಪ್ರತಿಯೊಂದು ಪದವನ್ನೂ ಬಿಡಿಸಿ, ಸ್ಪಷ್ಟವಾಗಿ, ಸಿಪಾಯಿಗಳ ಸಾಲಿಗೆ ಆಜ್ಞೆ ಓದುವ ದನಿಯಲ್ಲಿ ಹೇಳಿದರು. ಸಹಿ ಹಾಕಿದರು. ಕರ್ನಲ್ಲರು ಬೆನ್ನು ತಟ್ಟಿ, "ಈಗ ನೀವು ನಮ್ಮವರಾದ್ರಿ ನೋಡಿ," ಎಂದು ಒಂದು ಲೋಟ ರಮ್ ಬಗ್ಗಿಸಿದರು. ಇವರು ಮುಟ್ಟಲಿಲ್ಲ.

ಹಿಂದಿರುಗುವಾಗ ನದಿಯ ಪಕ್ಕದ ದಾರಿಯಲ್ಲಿ ಅವರು ನಿಂತರು. ಪ್ರವಾಹ ತಂದು ಹಾಕಿದ್ದ ಮರದ ದಿಮ್ಮಿಯ ಮೇಲೆ ಕೂತರು. ಬೆನ್ನು ಬಾಗಿತ್ತು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಬೈಯುತ್ತಾರೆ, ಇಲ್ಲವೇ ಇನ್ನು ಜನ್ಮದಲ್ಲಿ ಮಾತಾಡಿಸುವುದಿಲ್ಲ ಎಂದುಕೊಂಡಿದ್ದೆ. ಎರಡಕ್ಕೂ ಸಿದ್ಧಳಾಗಿದ್ದೆ.

"ಅವತ್ತು ಸಮಿತಿಯವರು ಅಂಗಳದಲ್ಲಿ ನಿಂತಿದ್ದಾಗ," ಎಂದರು, "ಕ್ಯಾಟ್ಲೈನ್ ಮಗು ಎತ್ಕೊಂಡು ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖಾನೇ ನೋಡ್ತಿದ್ದಳು. ಒಂದು ಮಾತೂ ಆಡಲಿಲ್ಲ. ಗಂಡನ ಮಾನಕ್ಕೆ ಅಡ್ಡ ಬರಬಾರದು ಅಂದ್ಕೊಂಡಿರಬೇಕು."

ನಾನು ಪಕ್ಕದಲ್ಲಿ ಕೂತೆ.

"ಹನ್ನೆರಡು ವರ್ಷದಿಂದ ಅಂದ್ಕೊಂಡಿದ್ದೆ, ಅವಳು ಏನು ಹೇಳಿದ್ರೂ ನಾನು ಬಗ್ಗುತ್ತಾ ಇರಲಿಲ್ಲ ಅಂತ. ಅದಕ್ಕೇ ನಿದ್ದೆ ಬರ್ತಿತ್ತು." ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ಅವಳು ಕೇಳಿದ್ದಿದ್ರೆ ಮಾಡ್ತಿದ್ದೆ, ಡಾರ್ಕಸ್. ಇವತ್ತು ಗೊತ್ತಾಯ್ತು. ಒಂದು ಸಲ ಬಾಯಿಬಿಟ್ಟು ಕೇಳಿದ್ದಿದ್ರೆ ಸಾಕಿತ್ತು."

ಆ ಚಳಿಗಾಲ ನನ್ನ ಎರಡು ಮಕ್ಕಳೂ ಉಳಿದರು. ಹುಲ್ಡಾಗೆ ಈಗ ಮೂರು ಮಕ್ಕಳು. ಮತ್ತೆ ಅಂಥ ಹೊತ್ತು ಬಂದರೆ ನಾನು ಮತ್ತೆ ಕೇಳುತ್ತೇನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಂದು ಆ ದಿಮ್ಮಿಯ ಮೇಲೆ ಕೂತಿದ್ದಾಗ, ನಾನು ಎಂದೂ ಮುಖ ಕಾಣದ, ಬಾಯಿಬಿಡದೆ ಸತ್ತ ಆ ಹೆಂಗಸಿನ ಮೇಲೆ ನನಗೆ ಬಂದ ಕೋಪ ಇಂದಿಗೂ ಆರಿಲ್ಲ.